ಮೂವತ್ತು-ನಲವತ್ತರಲ್ಲಿ ಹತ್ತು ಖೋಲಿ

ಮುಂಬಯಿಯಲ್ಲಿ ಬಾಡಿಗೆಗಿದ್ದುಕೊಂಡೇ ಬೆಂಗಳೂರಿನಲ್ಲಿ ಮನೆಯೊಡೆಯರಾದವರು ನಮ್ಮ ಸಂಘದಲ್ಲಿ ಅನೇಕರಿದ್ದಾರೆ. ಹೆಂಡತಿಯ ಹೆಸರಿನಲ್ಲೋ ತಮ್ಮನ ಹೆಸರಿನಲ್ಲೋ ಮೂವತ್ತು-ನಲವತ್ತರ ಒಂದು ಸೈಟು. ನಿವೃತ್ತಿಯಾದ ಮೇಲೆ ಊರಿಗೆ ಮರಳುವ ಆಸೆ. ಇದರಲ್ಲಿ ತಪ್ಪೇನೂ ಇಲ್ಲ. ಕೆಳಗೆ ತಾವಿದ್ದು ಮೇಲಿನ ಮನೆಯನ್ನು ಬಾಡಿಗೆಗೆ ಕೊಡುವುದು ಬಸವನಗುಡಿ, ಮಲ್ಲೇಶ್ವರಗಳಲ್ಲಿ ಹಿಂದಿನಿಂದ ನಡೆದುಬಂದ ಪದ್ಧತಿ. ಪಿಂಚಣಿಯಿಲ್ಲದ ಎಷ್ಟೋ ಸಂಸಾರಗಳು ಅದರಿಂದಲೇ ನಡೆದಿವೆ. ನಮ್ಮ ತಕರಾರಿರುವುದು ಈಚೆಗೆ ಹಬ್ಬಿರುವ ಹೊಸ ಲೆಕ್ಕದ ಬಗ್ಗೆ. “ಐದು ಮಹಡಿ ಎತ್ತೋಣ ಸಾರ್, ಮಹಡಿಗೆರಡು ರೂಮು, ತಿಂಗಳಿಗೆ ಹತ್ತು ಬಾಡಿಗೆ. ಪ್ಲಾನಿನ ಚಿಂತೆ ನನಗಿರಲಿ” ಎಂದು ಮೇಸ್ತ್ರಿ ಫೋನಿನಲ್ಲಿ ಹೇಳುತ್ತಾನೆ, ನಮ್ಮವರು ಇಲ್ಲಿಂದ ಹಣ ಕಳಿಸುತ್ತಾರೆ.

ಮೇಸ್ತ್ರಿಯ ಲೆಕ್ಕವನ್ನು ಬದಿಗಿಟ್ಟು ಕಾನೂನಿನ ಲೆಕ್ಕವನ್ನು ನೋಡೋಣ. 2007ರಲ್ಲಿ ಜಾರಿಗೆ ಬಂದ ಬೆಂಗಳೂರಿನ ‘ಮಾಸ್ಟರ್ ಪ್ಲಾನ್ 2015’ರಲ್ಲಿ, 12 ಮೀಟರಿನವರೆಗಿನ ರಸ್ತೆಯಲ್ಲಿರುವ ಸಣ್ಣ ಸೈಟಿಗೆ ಕೊಟ್ಟ ಎಫ್‌.ಎ.ಆರ್. 1.75. ಅಂದರೆ 1,200 ಚದರಡಿಯ ಸೈಟಿನಲ್ಲಿ, ಕಾರು ನಿಲ್ಲಿಸುವ ಜಾಗ ಬಿಟ್ಟು, ಎಲ್ಲ ಮಹಡಿಗಳೂ ಸೇರಿ 2,100 ಚದರಡಿ. ಏಳುನೂರು ಚದರಡಿಯ ಮೂರು ಮನೆಗಳು ಸುಖವಾಗಿ ಆಗುತ್ತವೆ. ಸೈಟಿನ ಅಂಚಿನಿಂದ ಅಂಚಿಗೆ ಐದು ಮಹಡಿ ಎತ್ತಿದರೆ ಆಗುವುದು ಸುಮಾರು 5,500 ಚದರಡಿ. ಇದನ್ನು ‘ಸ್ವಲ್ಪ ಹೆಚ್ಚುಕಡಿಮೆ’ ಎಂದು ಕರೆಯುವ ಧೈರ್ಯ ಮೇಸ್ತ್ರಿಗಳಿಗೇ ಇರಬೇಕು!

“ಹೇಗೂ ಸಕ್ರಮ ಮಾಡುತ್ತಾರಲ್ಲ” ಎಂಬ ಮಾತು ಸಂಘದ ಚಹಾಕೂಟಗಳಲ್ಲಿ ನಮ್ಮ ಕಿವಿಗೆ ಬೀಳುತ್ತಲೇ ಇರುತ್ತದೆ. ಅಕ್ರಮ-ಸಕ್ರಮ ಯೋಜನೆಯ ಹಣೆಬರಹವೇನಾಯಿತು? ವಾಸದ ಕಟ್ಟಡಗಳಲ್ಲಿ ಶೇಕಡಾ 50ರಷ್ಟು ಉಲ್ಲಂಘನೆಯವರೆಗೆ ಮಾತ್ರ ದಂಡ ಕಟ್ಟಿಸಿಕೊಳ್ಳುವ ಯೋಜನೆ ಅದು. ಅದೂ 2013ರ ಅಕ್ಟೋಬರ್ 19ಕ್ಕೆ ಮುಂಚೆ ಕಟ್ಟಿದ್ದಕ್ಕೆ. ಅದಕ್ಕೂ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಡೆ ಹಾಕಿತು. ಒಂದು ವೇಳೆ ಅಂಥದೇ ಯೋಜನೆ ನಾಳೆ ಬಂದರೂ 2,100ಕ್ಕೆ ಅರ್ಧ ಸೇರಿಸಿದರೆ 3,150 ಆಯಿತು. ಉಳಿದ ಎರಡು ಸಾವಿರ ಚಿಲ್ಲರೆ ಅಡಿಗಳನ್ನು ಯಾರ ಮನೆಯಲ್ಲಿಡುತ್ತಾರೆ?

2024ರ ಡಿಸೆಂಬರ್ 17ರಂದು ಅದೇ ಕೋರ್ಟು ಇನ್ನೂ ಬಿಗಿಯಾಗಿ ನುಡಿಯಿತು: ಓ.ಸಿ. ಇಲ್ಲದ ಕಟ್ಟಡಕ್ಕೆ ನೀರು, ವಿದ್ಯುತ್ತು ಕೊಡಕೂಡದು. ಬ್ಯಾಂಕುಗಳೂ ಅದನ್ನು ನೋಡಿಯೇ ಸಾಲ ಕೊಡಬೇಕು. 2025ರಲ್ಲಿ ಬೆಂಗಳೂರಿನ ಎಷ್ಟೋ ಹೊಸ ಮನೆಗಳು ಬಣ್ಣ ಬಳಿದುಕೊಂಡು ಮೀಟರಿಗಾಗಿ ಕಾದು ಕುಳಿತವು. ಬಳಿಕ ರಾಜ್ಯ ಸರ್ಕಾರ 1,200 ಚದರಡಿಯವರೆಗಿನ ಸೈಟುಗಳಿಗೆ ಓ.ಸಿ.ಯಿಂದ ರಿಯಾಯಿತಿ ತೋರಿತು. ಆದರೆ ಅದು ನೆಲಮಹಡಿಯ ಮೇಲೆ ಎರಡು, ಇಲ್ಲವೇ ಕಾರಿನ ಅಂತಸ್ತಿನ ಮೇಲೆ ಮೂರು ಮಹಡಿಗಳವರೆಗೆ ಮಾತ್ರ. ಹತ್ತು ಖೋಲಿಯವರಿಗೆ ಅಲ್ಲಿಯೂ ಜಾಗವಿಲ್ಲ.

ಕೆಲಸ ಹುಡುಕಿ ಬರುವ ಹುಡುಗರು ಎಲ್ಲಿ ಇರಬೇಕು, ಊರಿಗೆ ಮನೆಗಳು ಬೇಡವೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. 1.75 ಜಿಪುಣತನದ ಅಳತೆ ಎಂದು ನಮಗೂ ಅನಿಸುತ್ತದೆ. ದೆಹಲಿಯ ನಮ್ಮ ಬಂಧುಗಳನ್ನು ಕೇಳಿರಿ: 2007ರ ಅಲ್ಲಿನ ಮಹಾಯೋಜನೆ ಇಷ್ಟೇ ಅಳತೆಯ ಸೈಟಿಗೆ 3ರ ಪ್ರಮಾಣವನ್ನೂ ನಾಲ್ಕು ಮನೆಗಳನ್ನೂ ಕೊಟ್ಟಿತು. ಬೆಂಗಳೂರಿಗೂ ಹಾಗೆ ಬೇಕಿದ್ದರೆ ಬಹಿರಂಗವಾಗಿ ಕೇಳಬೇಕು. ಅದರ ಜೊತೆಗೆ ಚರಂಡಿ, ನೀರಿನ ಕೊಳವೆಗಳನ್ನೂ ಕೇಳಬೇಕು. ರಾತ್ರೋರಾತ್ರಿ ಮೋಲ್ಡ್ ಹಾಕಿ ಮುಗಿಸುವುದು ಕೇಳುವ ಕ್ರಮವಲ್ಲ.

ಅಷ್ಟಕ್ಕೂ ಸುತ್ತ ಬಿಡಬೇಕಾದ ಆ ಮೂರಡಿ ಜಾಗ ಯಾರದು? ಕಾಗದದಲ್ಲಿ ನಮ್ಮದು, ಆದರೆ ಬೆಳಕು ಪಕ್ಕದ ಮನೆಯವರದು, ಗಾಳಿ ನಮ್ಮ ಬಾಡಿಗೆದಾರನದು. ಇದನ್ನು ಮುಂಬಯಿಯ ಕನ್ನಡಿಗರಿಗೆ ಬಿಡಿಸಿ ಹೇಳಬೇಕೇ? ಕಿಟಕಿ ತೆರೆದರೆ ಎದುರು ಗೋಡೆ, ಹಗಲಿಗೂ ದೀಪ, ಕಕ್ಕಸಿಗೆ ಸಾಲು - ಇಂಥ ಖೋಲಿಗಳಲ್ಲಿ ಮಕ್ಕಳನ್ನು ಓದಿಸಿದವರು ನಾವು. ಹನ್ನೊಂದು ತಿಂಗಳ ಕರಾರು ಮುಗಿಯಿತೆಂದು ಪಾತ್ರೆಪಗಡಿ ಹೊತ್ತು ಹೊರಟವರು ನಾವು. ಅಂದು ಮಾಲೀಕನನ್ನು ಶಪಿಸಿದ ಬಾಯಲ್ಲೇ ಇಂದು ಹತ್ತು ತಿಂಗಳ ಅಡ್ವಾನ್ಸು ಕೇಳಿ, ಬಳ್ಳಾರಿಯಿಂದಲೋ ಬಿಹಾರದಿಂದಲೋ ಬಂದ ಹುಡುಗನಿಗೆ ಕಿಟಕಿಯಿಲ್ಲದ ರೂಮು ಕೊಡುವುದೇ?

ಕಟ್ಟುವವರ ಮಾತನ್ನೂ ಮರೆಯಬಾರದು. 2024ರ ಅಕ್ಟೋಬರ್ 22ರಂದು ಬಾಬುಸಾಪಾಳ್ಯದಲ್ಲಿ, ಇನ್ನೂ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಮಳೆಯ ನಡುವೆ ಕುಸಿದು ಒಂಬತ್ತು ಜನ ಸತ್ತರು. ಅನುಮತಿ ಮೀರಿ ಮಹಡಿ ಏರಿಸಿದ್ದರೆಂದು ಆಮೇಲೆ ಹೊರಬಿತ್ತು. ಸತ್ತವರಲ್ಲಿ ನಮ್ಮ ಹಾಗೆಯೇ ಊರು ಬಿಟ್ಟು ದುಡಿಯಲು ಬಂದವರಿದ್ದರು.

ಆದ್ದರಿಂದ ಬೆಂಗಳೂರಿನಲ್ಲಿ ಕೆಲಸ ನಡೆಸುತ್ತಿರುವ ಸದಸ್ಯರಲ್ಲಿ ನಮ್ಮ ಕೋರಿಕೆಯಿಷ್ಟೇ. ಮುಂದಿನ ಸಲ ಊರಿಗೆ ಹೋದಾಗ ಮಂಜೂರಾದ ನಕ್ಷೆಯನ್ನು ಮೇಸ್ತ್ರಿಯ ಕೈಯಿಂದ ತೆಗೆದುಕೊಂಡು ನೀವೇ ಓದಿ. ಟೇಪು ಹಿಡಿದು ಸುತ್ತಲಿನ ಜಾಗವನ್ನು ಅಳೆಯಿರಿ. ನಕ್ಷೆಯಲ್ಲಿಲ್ಲದ ಮಹಡಿಯ ಕಬ್ಬಿಣಕ್ಕೆಂದು ಫೋನು ಬಂದರೆ ಹಣ ಕಳಿಸಬೇಡಿ.