ಯುದ್ಧಕಥೆಯೂ ಯುದ್ಧತಂತ್ರವೂ

ಕಳೆದ ತಿಂಗಳು ನಮ್ಮ ಕಾಲೇಜಿನ ವಿದ್ಯಾರ್ಥಿಯೊಬ್ಬ ತಾನು ಬರೆದ ಐತಿಹಾಸಿಕ ಕಥೆಯೊಂದನ್ನು ನನಗೆ ಓದಲು ಕೊಟ್ಟ. ಬೆಟ್ಟದ ಕೋಟೆಗೆ ಮೂರು ತಿಂಗಳ ಮುತ್ತಿಗೆ. ನಾಯಕನ ಒಂದು ಕತ್ತಿಗೆ ನಲವತ್ತು ತಲೆಗಳು. ಕೊನೆಯಲ್ಲಿ ರಕ್ತದ ಹೊಳೆ. ಭಾಷೆ ಸೊಗಸಾಗಿತ್ತು. ಆದರೂ ಸತ್ತವರಲ್ಲಿ ಒಬ್ಬನಿಗಾಗಿಯೂ ನನ್ನ ಮನಸ್ಸು ಮರುಗಲಿಲ್ಲ. ಮೂರು ತಿಂಗಳು ಕೋಟೆಯವರು ಕುಡಿದ ನೀರು ಎಲ್ಲಿಯದು ಎಂದು ಕೇಳಿದೆ. "ಸಾರ್, ಅದೂ ಕಥೆಗೆ ಬೇಕೆ?" ಎಂದ.

ಬೇಕೆಂದೇ ನನ್ನ ಮತ. ಚಿತ್ರದುರ್ಗದ ಓಬವ್ವನ ಐತಿಹ್ಯವನ್ನೇ ನೋಡಿರಿ. ಕಾವಲಿನ ಗಂಡ ಊಟಕ್ಕೆ ಬಂದಿದ್ದಾನೆ. ಅವಳು ನೀರಿಗೆ ಹೋಗಿದ್ದಾಳೆ. ಹೈದರಾಲಿಯ ಸೈನಿಕರು ನುಸುಳುತ್ತಿರುವ ಬಂಡೆಯ ಕಿಂಡಿಯಲ್ಲಿ ಒಂದು ಸಲಕ್ಕೆ ಒಬ್ಬನೇ ತಲೆ ಹಾಕಬಲ್ಲ. ಆ ಕಿಂಡಿ ಎರಡು ಮೊಳ ಅಗಲವಾಗಿದ್ದರೆ ಒನಕೆಯೂ ಇಲ್ಲ, ಕಥೆಯೂ ಇಲ್ಲ. ಅವಳ ಸಾಹಸವನ್ನು ನಾವು ನಂಬುವುದು ಆ ಇಕ್ಕಟ್ಟನ್ನು ನಂಬಿದ್ದರಿಂದ.

ಟಾಲ್‌ಸ್ಟಾಯ್ ಇದನ್ನು ಬಲ್ಲವನು. 1854–55ರ ಸೆವಾಸ್ತೊಪೋಲ್ ಮುತ್ತಿಗೆಯಲ್ಲಿ ಅವನು ಫಿರಂಗಿದಳದ ಅಧಿಕಾರಿಯಾಗಿದ್ದ. 'ಯುದ್ಧ ಮತ್ತು ಶಾಂತಿ'ಯನ್ನು ಬರೆಯುತ್ತಿದ್ದಾಗ, 1867ರಲ್ಲಿ, ಬೊರೊಡಿನೊ ರಣಭೂಮಿಗೆ ಹೋಗಿ ನೆಲವನ್ನು ಕಣ್ಣಾರೆ ಕಂಡುಬಂದ. ಆ ಕಾದಂಬರಿಯಲ್ಲಿ 1805ರ ಷೋನ್‌ಗ್ರಾಬರ್ನ್ ಕಾಳಗದ ಭಾಗವನ್ನು ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಮುಖ್ಯ ಸೈನ್ಯ ಪಾರಾಗುವವರೆಗೆ ಫ್ರೆಂಚರನ್ನು ತಡೆಯುವುದು ಬಗ್ರಾತಿಯೋನನ ಸಣ್ಣ ಪಡೆಯ ಕೆಲಸ. ನಡುವೆ ತೂಷಿನ್ ಎಂಬ ಬಡಕಲು ಕ್ಯಾಪ್ಟನ್, ನಾಲ್ಕು ಫಿರಂಗಿಗಳು. ಅವುಗಳ ರಕ್ಷಣೆಗಿದ್ದ ಕಾಲಾಳುಗಳು ಯಾರದೋ ಅಪ್ಪಣೆಯಂತೆ ಹೊರಟುಹೋಗಿದ್ದಾರೆ. ಹಿಂದೆ ಸರಿಯಬೇಕೆಂಬ ಆಜ್ಞೆ ತಂದ ಅಧಿಕಾರಿ ಗುಂಡಿಗೆ ಹೆದರಿ, ದೂರದಿಂದಲೇ ಕೂಗಿ ಕುದುರೆ ತಿರುಗಿಸಿದ್ದಾನೆ. ನಾಲ್ಕೇ ಫಿರಂಗಿಗಳು ಹೀಗೆ ಕಾಪಿಲ್ಲದೆ ನಿಂತು ಗುಂಡು ಹಾರಿಸಲಾರವೆಂದು ಎಣಿಸಿದ ಫ್ರೆಂಚರು, ರಷ್ಯನ್ನರ ಮುಖ್ಯ ಬಲವೇ ಅಲ್ಲಿದೆಯೆಂದು ಭ್ರಮಿಸುತ್ತಾರೆ.

ಸಂಜೆ ವಿಚಾರಣೆ: ಎರಡು ಫಿರಂಗಿಗಳನ್ನು ಬಿಟ್ಟುಬಂದದ್ದೇಕೆ? ಕಾಪಿನ ಪಡೆ ಇರಲಿಲ್ಲವೆಂದು ತೂಷಿನ್ ಹೇಳಬಹುದಿತ್ತು. ಅದು ನಿಜವೂ ಹೌದು. ಹೇಳಿದರೆ ಇನ್ನಾವನೋ ಅಧಿಕಾರಿ ಸಿಕ್ಕಿಬೀಳುತ್ತಾನೆಂದು ಅಂಜಿ ಸುಮ್ಮನೆ ನಿಲ್ಲುತ್ತಾನೆ. ಕಾಲಾಳುಗಳು ಹೊರಟುಹೋದ ಸಂಗತಿ ನಮಗೆ ಮೊದಲೇ ತಿಳಿಯದಿದ್ದರೆ ಆ ಮೌನದ ಬೆಲೆಯೇನು? ಅವನು ಬರಿಯ ಪುಕ್ಕಲನಾಗಿ ಕಾಣುತ್ತಿದ್ದ.

ತಂತ್ರದ ಪಾಂಡಿತ್ಯವನ್ನು ಪುಟಪುಟಕ್ಕೂ ಸುರಿಯುವ ಕಾದಂಬರಿಗಳೂ ಇವೆ. ಫಿರಂಗಿಯ ತೂಕ, ಗುಂಡಿನ ಗಾತ್ರ ಎಲ್ಲ ಸಿಗುತ್ತದೆ, ಮನುಷ್ಯ ಮಾತ್ರ ಸಿಗುವುದಿಲ್ಲ. (ಅವು ದಪ್ಪವಾಗಿಯೂ ಇರುತ್ತವೆ.) ಟಾಲ್‌ಸ್ಟಾಯ್‌ಗಾದರೋ ಸೇನಾಪತಿಗಳ ಯೋಜನೆಗಳಲ್ಲಿ ನಂಬಿಕೆಯೇ ಇರಲಿಲ್ಲ. ಅವು ಹೇಗೆ ಕೆಡುತ್ತವೆಂದು ತೋರಿಸಲಿಕ್ಕಾಗಿಯೇ ಅವನಿಗೆ ಅವುಗಳ ಪರಿಚಯ ಬೇಕಾಗಿತ್ತು.

ಮೊನ್ನೆ ಆ ಹುಡುಗ ಮತ್ತೆ ಬಂದಿದ್ದ. ನಲವತ್ತು ತಲೆಗಳ ಪ್ರಕರಣವನ್ನು ಹೊಡೆದುಹಾಕಿದ್ದಾನೆ. ಕೋಟೆಯ ಹೊಂಡ ಬತ್ತುತ್ತಿದೆ. ಕುದುರೆಗಳಿಗೆ ನೀರು ಕೊಡಬೇಕೆ, ಗಾಯಾಳುಗಳಿಗೆ ಕೊಡಬೇಕೆ ಎಂದು ನಾಯಕ ನಿರ್ಧರಿಸಬೇಕು. ಅಲ್ಲಿಗೆ ಬಂದು ಕಥೆ ನಿಂತಿದೆಯಂತೆ. ಮುಂದೇನೆಂದು ತಿಳಿಯದೆ ಅವನಿಗೆ ಎರಡು ರಾತ್ರಿ ನಿದ್ದೆಯಿಲ್ಲ.