ಫ್ಲೆಮಿಂಗೊ ಬಂದರೆ ಥಾಣೆ ಖಾಡಿ ಆರೋಗ್ಯವಾಗಿದೆ ಎಂದರ್ಥವೇ? ಏಡಿಯನ್ನೂ ಒಮ್ಮೆ ಕೇಳಬೇಕು

ಮುಂಬೈ: ವಡಾಲ ರೋಡ್‌ನಲ್ಲಿ ಸಿಎಸ್‌ಎಂಟಿ ಕಡೆಯ ಹಾರ್ಬರ್ ಲೈನ್ ರೈಲು ಹತ್ತಿದರೆ ಮುಂದಿನ ನಿಲ್ದಾಣವೇ ಶಿವಡಿ. ಅಲ್ಲಿನ ಕೆಸರು ಬಯಲಿಗೆ ಫ್ಲೆಮಿಂಗೊ ನೋಡಲು ಜನ ಕ್ಯಾಮೆರಾ ಹಿಡಿದು ಹೋಗುತ್ತಾರೆ. ಅದೇ ಕೆಸರಿನ ಬಿಲಗಳಲ್ಲಿರುವ ಏಡಿ ನೋಡಲು ಹೋದವರನ್ನು ನಾನಂತೂ ಕಂಡಿಲ್ಲ.

ಥಾಣೆ ಕ್ರೀಕ್, ಇಲ್ಲಿನವರ ಬಾಯಲ್ಲಿ ಖಾಡಿ, 2022ರಲ್ಲಿ ರಾಮ್ಸರ್ ತಾಣವಾಯಿತು. ವಿಸ್ತೀರ್ಣ 6,521 ಹೆಕ್ಟೇರ್. ಖಾಡಿ ಚೆನ್ನಾಗಿದೆ ಎನ್ನಲು ಎಲ್ಲರೂ ತೋರಿಸುವುದು ಫ್ಲೆಮಿಂಗೊವನ್ನೇ. ಆದರೆ ಇಲ್ಲಿ ಗುಂಪುಗುಂಪಾಗಿ ಇಳಿಯುವ ಲೆಸ್ಸರ್ ಫ್ಲೆಮಿಂಗೊಗಳ ಮುಖ್ಯ ಆಹಾರ ಪಾಚಿ. ನಗರದ ಕೊಳಚೆ ನೀರು ಸೇರಿದರೆ ಪಾಚಿ ಹುಲುಸಾಗಿ ಬೆಳೆಯುತ್ತದೆ. ಅದೇ ಕೊಳಚೆ ಕೊಳೆಯುವಾಗ ನೀರಿನ ಆಮ್ಲಜನಕ ಕರಗುತ್ತಾ ಹೋಗುತ್ತದೆ. ಹಕ್ಕಿಗೆ ಊಟ ಕೊಡುವ ನೀರೇ ಏಡಿಯ ಉಸಿರು ಕಟ್ಟಿಸಬಹುದು.

ಬಿಸಿ ಏರಿದರೆ ಏನಾಗುತ್ತದೆ?

ಅರಬ್ಬೀ ಸಮುದ್ರ ಬಿಸಿಯಾಗುತ್ತಿದೆ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ಉಳಿಯುತ್ತದೆ. ಆದರೆ ನೀರು ಬಿಸಿಯಾದಷ್ಟೂ ಏಡಿಯ ದೇಹ ಹೆಚ್ಚು ಆಮ್ಲಜನಕ, ಹೆಚ್ಚು ಆಹಾರ ಬೇಡುತ್ತದೆ. ಅಲಾಸ್ಕಾ ಬಳಿಯ ಬೇರಿಂಗ್ ಸಮುದ್ರದಲ್ಲಿ 2018-19ರ ಬಿಸಿ ಅಲೆಯ ನಂತರ 1,000 ಕೋಟಿಗೂ ಹೆಚ್ಚು ಸ್ನೋ ಕ್ರ್ಯಾಬ್‌ಗಳು ಕಾಣೆಯಾದವು. 2022ರಲ್ಲಿ ಅಲ್ಲಿ ಅದರ ಬೇಟೆಯನ್ನೇ ಮೊದಲ ಬಾರಿಗೆ ನಿಲ್ಲಿಸಬೇಕಾಯಿತು. ಅವು ಹಸಿವಿನಿಂದ ಸತ್ತಿರುವ ಸಾಧ್ಯತೆಯೇ ಹೆಚ್ಚು ಎಂದು 2023ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನ ಹೇಳಿತು.

ಹಾಗೆಂದು ನಾಳೆ ಮುಂಬೈನಲ್ಲೂ ಹೀಗೇ ಆಗುತ್ತದೆ ಎನ್ನುವುದು ಅವಸರದ ಮಾತು. ಸ್ನೋ ಕ್ರ್ಯಾಬ್ ತಣ್ಣೀರಿನ ಜೀವಿ. ನಮ್ಮ ಕೆಸರು ಏಡಿ ಬಿಸಿಲು, ಇಳಿತ, ಮಳೆನೀರು ಎಲ್ಲಕ್ಕೂ ಒಗ್ಗಿಕೊಂಡದ್ದು. ಅದರ ಕಷ್ಟ ಇರುವುದು ಎಳವೆಯಲ್ಲಿ. ಹೆಣ್ಣೇಡಿ ಮೊಟ್ಟೆ ಒಡೆಯುವ ಹೊತ್ತಿಗೆ ಖಾಡಿ ಬಿಟ್ಟು ಕಡಲಿಗೆ ಹೋಗುತ್ತದೆ. ಅದರ ಮರಿಗಳಿಗೆ ಕಡಲಿನ ಉಪ್ಪೇ ಬೇಕು. ಅಂದರೆ ಖಾಡಿಯೊಂದೇ ಸರಿಯಿದ್ದರೆ ಸಾಲದು.

ಚಿಪ್ಪಿನ ಜೀವಿಗಳ ಸ್ಥಿತಿ ಇನ್ನೂ ಸೂಕ್ಷ್ಮ. ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಸಾಗರದ ಪಿಎಚ್ 8.2ರಿಂದ 8.1ಕ್ಕೆ ಇಳಿದಿದೆ. ಸಣ್ಣ ಅಂಕಿ ಎನಿಸಿದರೂ ಆಮ್ಲೀಯತೆ ಸುಮಾರು ಶೇ.30ರಷ್ಟು ಹೆಚ್ಚಿದೆ ಎಂದರ್ಥ. ಚಿಪ್ಪು ಕಟ್ಟಲು ಬೇಕಾದ ವಸ್ತು ನೀರಿನಲ್ಲಿ ಅಷ್ಟು ಕಡಿಮೆ. ಮುಂಬೈ ಮೀನು ಮಾರುಕಟ್ಟೆಯ ತಿಸರ್‍ಯಾ, ಅಂದರೆ ನಮ್ಮ ಕರಾವಳಿಯ ಮರುವಾಯಿ, ಏಡಿಯ ಹಾಗೆ ಎದ್ದು ಬೇರೆ ಕಡೆ ಹೋಗಲಾರದು. ಉಪ್ಪಿನಂಶ ಬದಲಾದರೂ ಅದು ಅಲ್ಲೇ ಸಹಿಸಬೇಕು. ಉತ್ತರ ಕನ್ನಡದಲ್ಲಿ ಇದನ್ನು ಕಣ್ಣಾರೆ ನೋಡಬಹುದು: ವಿದ್ಯುತ್ ಉತ್ಪಾದನೆಯ ಸಿಹಿನೀರು ವರ್ಷವಿಡೀ ಹರಿಯುವ ಶರಾವತಿ ಅಳಿವೆಯಲ್ಲಿ ಚಿಪ್ಪುಗಳು ಕ್ಷೀಣಿಸಿವೆ, ಅಣೆಕಟ್ಟಿಲ್ಲದ ಪಕ್ಕದ ಅಘನಾಶಿನಿಯಲ್ಲಿ ಅವುಗಳನ್ನೇ ನಂಬಿದ ಕುಟುಂಬಗಳಿವೆ.

ನಗರದ ಕೈಯಲ್ಲಿರುವುದು

ಕಡಲಿನ ಬಿಸಿಯನ್ನು ಮುಂಬೈ ಒಂದೇ ಇಳಿಸಲಾರದು, ಕೊಳಚೆಯನ್ನು ತಡೆಯಬಲ್ಲದು. ನಗರದಲ್ಲಿ ಏಳು ಹೊಸ ಶುದ್ಧೀಕರಣ ಘಟಕಗಳಿಗೆ 2023ರ ಜನವರಿಯಲ್ಲಿ ಶಂಕುಸ್ಥಾಪನೆಯಾಗಿದೆ. ಅವುಗಳಲ್ಲಿ ಘಾಟ್ಕೋಪರ್ ಮತ್ತು ಭಾಂಡುಪ್ ಇರುವುದು ಥಾಣೆ ಖಾಡಿಯ ಬದಿಯಲ್ಲೇ. ಇವು ಸರಿಯಾಗಿ ಕೆಲಸ ಮಾಡಿದರೆ ಪಾಚಿ ತಗ್ಗಬಹುದು, ಜತೆಗೆ ಫ್ಲೆಮಿಂಗೊಗಳ ಸಂಖ್ಯೆಯೂ. ಆಗ 'ಹಕ್ಕಿಗಳು ಕಡಿಮೆಯಾದವು' ಎಂದು ನಮ್ಮಂಥವರು ಸುದ್ದಿ ಮಾಡುವ ಮೊದಲು ಕೆಸರಿನಲ್ಲಿ ಏಡಿ ಬಿಲಗಳು ಎಷ್ಟಿವೆ ಎಂದು ಯಾರಾದರೂ ಎಣಿಸಿರಬೇಕು. ಆ ಎಣಿಕೆ ಶುರುವಾಗಬೇಕಾದದ್ದು ಘಟಕಗಳು ಚಾಲೂ ಆಗುವ ಮುನ್ನವೇ.