ಭಂಗಾರವೆಂದು ತೂಗಿದ ಬಂಗಾರ

ಪುಣೆಯಲ್ಲಿ ಗುಜರಿ ಸಾಮಾನಿಗೆ 'ಭಂಗಾರ್' ಅನ್ನುತ್ತಾರೆ. ಕೈಗಾಡಿಯವನು ಬೆಳಿಗ್ಗೆ ಭಂಗಾರ್ ಭಂಗಾರ್ ಎಂದು ಕೂಗುತ್ತ ಬಂದಾಗ, ಧಾರವಾಡದಿಂದ ಮೊದಲ ಸಲ ಬಂದಿದ್ದ ನನ್ನ ಅವ್ವ, "ಇಲ್ಲೆ ಬಂಗಾರಾನೂ ಗಾಡಿ ಮ್ಯಾಲೆ ಮಾರ್ತಾರೇನೋ?" ಎಂದು ಕೇಳಿದ್ದಳು. ಮನೆಮಂದಿಯೆಲ್ಲ ನಕ್ಕಿದ್ದೆವು. ಅವ್ವ ಕೇಳಿದ್ದರಲ್ಲಿ ಅಂಥ ತಪ್ಪೇನೂ ಇರಲಿಲ್ಲ ಎಂದು ತಿಳಿಯಲು ನನಗೆ ನಿವೃತ್ತಿಯಾಗಬೇಕಾಯಿತು.

ನಿವೃತ್ತನಾದ ಮೇಲೆ ಭೋಸರಿಯ ಒಂದು ಗುಜರಿ ಅಂಗಡಿಯಿಂದ ಹಳೆಯ ರಂದಾ ಮಷೀನು ಕೊಂಡು ತಂದೆ. ನಮ್ಮ ಬಡಿಗೇರರು ಕೈಯಲ್ಲಿ ಹಿಡಿದು ಮರ ನಯ ಮಾಡುವ ರಂದಾ ಇದೆಯಲ್ಲ, ಕೆಲವು ಕಡೆ ಹತ್ತರಿ ಅನ್ನುತ್ತಾರೆ, ಅದರ ಕೆಲಸವನ್ನೇ ಮೋಟಾರಿನಿಂದ ಮಾಡುವ ಯಂತ್ರ. ಮುಚ್ಚಿಹೋದ ಯಾವುದೋ ಫರ್ನಿಚರ್ ಕಾರ್ಖಾನೆಯದು. ಮೈತುಂಬ ತುಕ್ಕು, ಮೋಟಾರು ಸುಟ್ಟಿತ್ತು. ಅಂಗಡಿಯವನು ಅದನ್ನು ಕಿಲೋ ಲೆಕ್ಕದಲ್ಲೇ ಕೊಟ್ಟ.

ಸುದ್ದಿ ಊರು ಮುಟ್ಟಿತು. ಎಂಬತ್ತು ದಾಟಿದ ಕಾಕಾ ಫೋನ್ ಮಾಡಿದರು: "ಏನಪಾ, ಎಂ.ಕಾಂ. ಓದಿ ಕಡೀಗೆ ಬಡಿಗ್ಯಾ ಆದಿ ಅಂತಲ್ಲ? ಪೆನ್ಶನ್ ಸಾಲೂದಿಲ್ಲೇನು?"

ಈ ಪ್ರಶ್ನೆಗೆ ಉತ್ತರ ಕೊಡಲಿಕ್ಕೇ ಇದನ್ನು ಬರೆಯುತ್ತಿದ್ದೇನೆ. ಕಾಕಾ ಒಬ್ಬರ ಪ್ರಶ್ನೆ ಅಲ್ಲ ಇದು, ಊರಿನಲ್ಲಿರುವ ನಿಮ್ಮೆಲ್ಲರದು. ಹೊರನಾಡಿಗೆ ಬಂದು ಕುರ್ಚಿ ಹಿಡಿದ ನಮ್ಮದೂ ಹೌದು. ಕೈಗೆ ಗ್ರೀಸು ಹತ್ತಿದರೆ ಓದಿದ್ದು ದಂಡವಾಯಿತು ಎಂದು ನಾವು ನಂಬಿದ್ದೇವೆ. ಹಳೆಯದನ್ನು ರಿಪೇರಿ ಮಾಡಿಸಿದರೆ ಬಡತನ ಬಯಲಾಯಿತು ಎಂದೂ ನಂಬಿದ್ದೇವೆ. ಎರಡೂ ಸುಳ್ಳು.

ಮಷೀನು ಬಿಚ್ಚಿದಾಗ ಕಂಡದ್ದೇನು? ಬೀಡುಕಬ್ಬಿಣದ ಮೇಜುಗಳು ಕಿಂಚಿತ್ತೂ ತಿರುಚಿರಲಿಲ್ಲ. ಸೀಮೆಎಣ್ಣೆ, ತಂತಿಬ್ರಷ್ಷು ಹಿಡಿದು ಎಂಟು ದಿನ ಉಜ್ಜಿದೆ. ತುಕ್ಕು ಮೇಲ್ಮೈಯದಷ್ಟೇ ಆಗಿತ್ತು. ಬೇರಿಂಗುಗಳು ಗರಗರ ಅನ್ನುತ್ತಿದ್ದವು. ಆದರೆ ಬೇರಿಂಗಿನ ಮೈಮೇಲೆ ನಂಬರು ಇತ್ತು, 6205. ಪುಣೆಯಲ್ಲಿ ಕೇಳಿ, ಹುಬ್ಬಳ್ಳಿಯಲ್ಲಿ ಕೇಳಿ, ಆ ನಂಬರಿಗೆ ಒಂದೇ ಅಳತೆ: ಒಳವ್ಯಾಸ 25 ಮಿ.ಮೀ., ಹೊರವ್ಯಾಸ 52, ಅಗಲ 15. ಮಷೀನು ಮಾಡಿದ ಕಂಪನಿ ಮುಳುಗಿಹೋದರೂ ಬೇರಿಂಗು ಸಿಗುತ್ತದೆ. ಮೂರು ಫೇಸಿನ ಮೋಟಾರು ತೆಗೆದು ಮನೆಯ ಕರೆಂಟಿಗೆ ಹೊಂದುವ 2 ಎಚ್.ಪಿ. ಸಿಂಗಲ್ ಫೇಸ್ ಮೋಟಾರು ಹಾಕಿದೆ. ಮೋಟಾರು ನಿಮಿಷಕ್ಕೆ 1440 ಸುತ್ತು ತಿರುಗುತ್ತದೆ. ಅದಕ್ಕೆ 8 ಇಂಚಿನ ಪುಲ್ಲಿ, ಬ್ಲೇಡಿನ ಉರುಳೆಗೆ 3 ಇಂಚಿನದು ಹಾಕಿದರೆ ಉರುಳೆ 3800ರ ಮೇಲೆ ತಿರುಗುತ್ತದೆ. ನಾಲ್ಕನೆಯ ತರಗತಿಯ ಗುಣಾಕಾರ, ಭಾಗಾಕಾರ ಸಾಕು.

ಕಷ್ಟವಿದ್ದದ್ದು ಬ್ಲೇಡು ಕೂಡಿಸುವುದರಲ್ಲಿ. ಹಿಂದಿನ ಮೇಜಿನ ಮೇಲೆ ನೆಟ್ಟಗಿನ ಕಟ್ಟಿಗೆ ಪಟ್ಟಿ ಇಟ್ಟು, ಪ್ಲಗ್ ಕಿತ್ತು, ಉರುಳೆಯನ್ನು ಕೈಯಿಂದ ತಿರುಗಿಸಬೇಕು. ಬ್ಲೇಡು ಆ ಪಟ್ಟಿಯನ್ನು ಮೂರು ಮಿ.ಮೀ. ಎಳೆದರೆ, ಎರಡೂ ತುದಿಯಲ್ಲಿ ಅಷ್ಟೇ ಎಳೆಯಬೇಕು, ಎಲ್ಲ ಬ್ಲೇಡೂ ಅಷ್ಟೇ ಎಳೆಯಬೇಕು. ಮೂರು ಸಂಜೆ ಹಿಡಿಯಿತು. ಬ್ಯಾಲೆನ್ಸ್ ಶೀಟು ತಾಳೆಯಾಗದೆ ರಾತ್ರಿ ಶಾಖೆಯಲ್ಲಿ ಕೂತದ್ದು ನೆನಪಾಯಿತು.

ಲೆಕ್ಕ ಕೇಳುವವರಿಗೆ ಲೆಕ್ಕ: ಮಷೀನು 9,500 ರೂಪಾಯಿ, ಮೋಟಾರು 9,200, ಬೇರಿಂಗು-ಬೆಲ್ಟು-ಪುಲ್ಲಿ 1,900, ಬ್ಲೇಡು 1,600, ಸ್ವಿಚ್ಚು-ವೈರಿಂಗು 1,300. ಒಟ್ಟು 23,500. ತರಿಸಿದ್ದ ಹೊಸ ಮಷೀನಿನ ಕೊಟೇಶನ್ನಿನ ಅರ್ಧವೂ ಆಗಲಿಲ್ಲ.

ಇಷ್ಟೇ ಆಗಿದ್ದರೆ ಇದು ಪೆನ್ಶನರನ ಹವ್ಯಾಸದ ಕಥೆಯಾಗುತ್ತಿತ್ತು. ಆದರೆ ನನಗೆ ಒಂದು ಹಳೆಯ ಬಾಕಿ ಇದೆ.

2004ರಲ್ಲಿ ನಾನು ಇಲ್ಲಿಯ ಒಂದು ಶಾಖೆಯಲ್ಲಿ ಸಾಲದ ಮೇಜಿನ ಮೇಲಿದ್ದೆ. ವಿಜಾಪುರ ಕಡೆಯ ಒಬ್ಬ ಬಡಿಗೇರ ನನ್ನ ಹೆಸರಿನ ಫಲಕ ಓದಿ ಒಳಗೆ ಬಂದ. "ಸಾಹೇಬ್ರ, ನೀವು ನಮ್ಮ ಕಡೆಯವರಂತ ಗೊತ್ತಾತ್ರಿ. ಹಳೇದೊಂದು ರಂದಾ ಮಷೀನ್ ಬಂದೈತ್ರಿ, ಛಲೋ ಐತಿ. ಹೊಸಾದು ತಗೊಳ್ಳೂ ತಾಕತ್ತು ನನಗಿಲ್ಲರಿ" ಎಂದ. ನಾನು ಕನ್ನಡದಲ್ಲೇ ಮಾತಾಡಿದೆ, ಚಹಾ ತರಿಸಿದೆ, ಹಳೆ ಮಷೀನಿಗೆ ಸಾಲ ಕೊಡುವ ಪದ್ಧತಿ ನಮ್ಮಲ್ಲಿಲ್ಲ ಎಂದೆ. ಡೀಲರನ ಹೊಸ ಕೊಟೇಶನ್ ತಾ ಎಂದೆ. ಅವನು ಚಹಾ ಕುಡಿದು ಕೈಮುಗಿದು ಹೋದ. ಮತ್ತೆ ಬರಲಿಲ್ಲ.

ಅದೇ ವಾರ ಅದೇ ಮೇಜಿನ ಮೇಲೆ ಹಳೆಯ ಕಾರೊಂದಕ್ಕೆ ಸಾಲ ಮಂಜೂರು ಮಾಡಿದ್ದೆ. ಕೂತು ಅಡ್ಡಾಡುವವನ ಹಳೆ ಗಾಡಿಗೆ ಬೆಲೆ ಉಂಟು, ದುಡಿದು ಉಣ್ಣುವವನ ಹಳೆ ಯಂತ್ರಕ್ಕೆ ಇಲ್ಲ! ಇದು ಯಾವ ನ್ಯಾಯ? ಅಂದು ಈ ಪ್ರಶ್ನೆ ನನಗೆ ಹೊಳೆಯಲೇ ಇಲ್ಲ. ನನಗೆ ಗೊತ್ತಿದ್ದದ್ದು ಸವಕಳಿ ಲೆಕ್ಕ. ನಾನು ಕಡತ ನೋಡುತ್ತಿದ್ದ ಕೊನೆಯ ವರ್ಷಗಳಲ್ಲಿ ಆದಾಯ ತೆರಿಗೆಯ ಲೆಕ್ಕಕ್ಕೆ ಸಾಮಾನ್ಯ ಯಂತ್ರಗಳ ಮೇಲೆ ವರ್ಷಕ್ಕೆ ಶೇಕಡಾ 15, ಅದೂ ಉಳಿದ ಮೌಲ್ಯದ ಮೇಲೆ. ಹತ್ತು ವರ್ಷಕ್ಕೆ ನೂರು ರೂಪಾಯಿ ಇಪ್ಪತ್ತಕ್ಕಿಂತ ಕೆಳಗಿಳಿಯುತ್ತದೆ. ಅದು ತೆರಿಗೆಗಾಗಿ ಮಾಡಿದ ಲೆಕ್ಕ. ಅದನ್ನೇ ನಾವು ಯಂತ್ರದ ಆಯುಷ್ಯವೆಂದು ತಿಳಿದೆವು.

ಹಳೆಯದೆಲ್ಲ ಶ್ರೇಷ್ಠ ಎಂದು ನಾನು ವಾದಿಸುವುದಿಲ್ಲ. ಮೇಜು ಸೀಳಿದ್ದರೆ, ಬ್ಲೇಡಿನ ಉರುಳೆಯಲ್ಲಿ ಬಿರುಕಿದ್ದರೆ ಅದು ಗುಜರಿಗೇ ಹೋಗಬೇಕು. ರಂದಾ ಮಷೀನು ಬೆರಳು ತಿನ್ನುವ ಯಂತ್ರ. ನನ್ನದಕ್ಕೆ ಗಾರ್ಡೇ ಇರಲಿಲ್ಲ. ಹೊಸದಾಗಿ ಮಾಡಿಸಿ ಹಾಕಿದ ಮೇಲೇ ಮೊದಲ ಸಲ ಚಾಲೂ ಮಾಡಿದೆ. "ನಿನ್ನ ನಾಲ್ಕು ತಿಂಗಳ ದುಡಿಮೆಗೆ ಬೆಲೆ ಹಚ್ಚಿದಿಯೇನು?" ಎಂಬ ಪ್ರಶ್ನೆಯೂ ಸರಿಯೇ. ನಾನು ಹೊಸಬ, ಅದಕ್ಕೇ ನಾಲ್ಕು ತಿಂಗಳು. ಬಲ್ಲ ಬಡಿಗೇರನಿಗೆ, ಮೆಕ್ಯಾನಿಕ್ಕಿಗೆ ಅದು ಕೆಲವೇ ದಿನಗಳ ಕೆಲಸ.

2023ರ ಸೆಪ್ಟೆಂಬರಿನಲ್ಲಿ ಬಂದ ಪಿ.ಎಂ. ವಿಶ್ವಕರ್ಮ ಯೋಜನೆಯಲ್ಲಿ ಬಡಗಿಗಳೂ ಸೇರಿ 18 ಕಸುಬುಗಳಿವೆ. ಸಲಕರಣೆಗೆ 15,000 ರೂಪಾಯಿ, ಶೇಕಡಾ 5ರ ಬಡ್ಡಿಯಲ್ಲಿ ಮೊದಲು ಒಂದು ಲಕ್ಷ, ಆಮೇಲೆ ಎರಡು ಲಕ್ಷ ಸಾಲ. ಒಳ್ಳೆಯದೇ. ಆದರೆ ಮೇಜಿನ ಆಚೆ ಕೂತವನ ಕಣ್ಣು ಬದಲಾಗದೆ ಯಾವ ಯೋಜನೆಯೂ ಪೂರ್ತಿ ಮುಟ್ಟುವುದಿಲ್ಲ.

ಊರಿನಲ್ಲಿ ಸಹಕಾರಿ ಸಂಘಗಳ ನಿರ್ದೇಶಕರಾಗಿ, ಬ್ಯಾಂಕಿನ ಮ್ಯಾನೇಜರರಾಗಿ ಕೂತಿರುವವರಿಗೆ ನನ್ನ ಮಾತಿಷ್ಟೇ: ಹಳೆ ಕಾರಿನ ಬೆಲೆ ಕಟ್ಟಿಸುತ್ತೀರಲ್ಲ, ಹಾಗೆಯೇ ಚಾರ್ಟರ್ಡ್ ಎಂಜಿನಿಯರರಿಂದ ಹಳೆ ಯಂತ್ರದ ಬೆಲೆಯನ್ನೂ ಕಟ್ಟಿಸಿರಿ. ಬಾಗಿಲಿಗೆ ಬಂದವನನ್ನು ನನ್ನ ಹಾಗೆ ಚಹಾ ಕುಡಿಸಿ ಕಳಿಸಬೇಡಿರಿ. ಉಳಿದವರು ಹಿತ್ತಲ ಯಂತ್ರವನ್ನು ತಕ್ಕಡಿಗೆ ಹಾಕುವ ಮುಂಚೆ ಊರ ಬಡಿಗೇರನನ್ನು ಒಮ್ಮೆ ಕರೆದು ತೋರಿಸಿರಿ.

ಕಾಕಾಗೆ ಕಳೆದ ತಿಂಗಳು ಒಂದು ಸಾಗವಾನಿ ಮಣೆ ಮಾಡಿ ಕಳಿಸಿದೆ. ಅದರ ಮೇಲೇ ಕೂತು ಉಣ್ಣುತ್ತಾರಂತೆ. ಪೆನ್ಶನ್ನಿನ ಪ್ರಶ್ನೆ ಮತ್ತೆ ಕೇಳಿಲ್ಲ.